ಸ್ಪ್ರಿಂಗ್ ಕೊಯ್ಸಿದ ಅಳಿಯಂದಿರಿಗೆ ಒಂದು ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸಮಸ್ತ ಕಾರುಪ್ರಿಯ ಅಳಿಯಂದಿರಿಗೆ, ನಿಮ್ಮ ಕಾರಿನ ಹಿಂದಿನ ಸೀಟಿನ ಖಾಯಂ ಗಿರಾಕಿಯಾದ ಮಾವನ ಆಶೀರ್ವಾದಗಳು. ಸರಗೂರು, ಸಾಲಿಗ್ರಾಮದವರು ತಮ್ಮ ಹೆಸರು ಬಿಟ್ಟುಹೋಯಿತೆಂದು ಮುನಿಸಿಕೊಳ್ಳಬಾರದು. ತಾಲ್ಲೂಕು ಬೇರೆಯಾಗಿದೆಯೇ ಹೊರತು ಗುಂಡಿಗಳು ಇನ್ನೂ ಪಾಲಾಗಿಲ್ಲ.

ಹೊಗೆಸೊಪ್ಪಿನ ಹರಾಜು ಮುಗಿದು ಖಾತೆಗೆ ದುಡ್ಡು ಬಿತ್ತೆಂದರೆ ಮನೆಯಲ್ಲಿ ಮೂರು ಬೇಡಿಕೆ ಏಳುತ್ತವೆ. ಅಪ್ಪನಿಗೆ ಸಾಲ ತೀರಬೇಕು, ಅಮ್ಮನಿಗೆ ಸೋರುವ ಮಾಳಿಗೆ ರಿಪೇರಿಯಾಗಬೇಕು, ನಿಮಗೆ ಕಾರು ನೆಲಕ್ಕಿಳಿಯಬೇಕು. ಮೊದಲೆರಡು ಮುಂದಿನ ವರ್ಷಕ್ಕೆ ಹೋಗುತ್ತವೆ. ಮೂರನೆಯದು ಅದೇ ವಾರ ಆಗುತ್ತದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರದಷ್ಟು ತಗ್ಗಿದ ನಿಮ್ಮ ಕಾರು ಬಸ್ ಸ್ಟ್ಯಾಂಡ್ ಎದುರು ನಿಂತಾಗ ನೋಡುವುದಕ್ಕೆ ಚೆಂದವೇ, ನಾನು ಇಲ್ಲ ಅನ್ನುವುದಿಲ್ಲ. ತೊಂದರೆ ಏನೆಂದರೆ ಕಾರು ಆಗಾಗ ಚಲಿಸಲೂಬೇಕಾಗುತ್ತದೆ.

ಚಲಿಸಿದಾಗ ಆಗುವುದನ್ನು ಹೇಳುತ್ತೇನೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದೂವರೆ ಸುತ್ತು ಕೊಯ್ಸಿದರೆ ಕಾರು ತಗ್ಗುತ್ತದೆ ಎಂಬಲ್ಲಿಗೆ ನಿಮ್ಮ ಸಂಶೋಧನೆ ಮುಗಿಯುತ್ತದೆ. ಸ್ಪ್ರಿಂಗಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಉಳಿದದ್ದು ಗಡಸಾಗುತ್ತದೆ. ಆರರಲ್ಲಿ ನಾಲ್ಕೂವರೆ ಉಳಿದರೆ ಬಿಗಿ ಮೂರನೇ ಒಂದು ಪಾಲು ಏರಿದಂತೆ. ಶಾಕ್ ಅಬ್ಸಾರ್ಬರ್, ಅಂದರೆ ನಿಮ್ಮ ಭಾಷೆಯ ಶಾಕಪ್, ಮಾತ್ರ ಹಳೆಯದೇ, ಹಳೆಯ ಮೆತ್ತನೆಯ ಸ್ಪ್ರಿಂಗನ್ನು ಹಿಡಿಯುವ ಅಳತೆಗೆ ಮಾಡಿದ್ದು. ಗಡಸು ಸ್ಪ್ರಿಂಗ್ ಒದೆದು ಮೇಲೇಳುವಾಗ ಅದರ ಕೈಲಿ ತಡೆಯಲಾಗುವುದಿಲ್ಲ. ಚಕ್ರ ಮೇಲಕ್ಕೆ ಸರಿಯಲು ಏಳೆಂಟು ಸೆಂಟಿಮೀಟರ್ ಜಾಗವಿತ್ತು ಎಂದುಕೊಳ್ಳಿ, ಅದರಲ್ಲಿ ನಾಲ್ಕನ್ನು ನೀವು ನಿಂತಲ್ಲೇ ಖರ್ಚು ಮಾಡಿದ್ದೀರಿ. ಉಳಿದದ್ದು ಮೊದಲ ಗುಂಡಿಗೇ ಮುಗಿದು ಶಾಕಪ್‌ನ ತುದಿಯ ರಬ್ಬರ್ ಸ್ಟಾಪರಿಗೆ ಹೊಡೆಯುತ್ತದೆ. ಅಲ್ಲಿಂದಾಚೆ ನಿಮ್ಮ ಕಾರಿನ ಸಸ್ಪೆನ್ಷನ್ ಎಂದರೆ ನನ್ನ ಬೆನ್ನುಮೂಳೆ.

ನಿಮ್ಮಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತದ್ದನ್ನು ನೋಡಿದ್ದೀರಲ್ಲ. ಸೊಪ್ಪು ಹಳದಿಗೆ ತಿರುಗುವತನಕ ಒಂದು ಕಾವು, ಬಣ್ಣ ನಿಲ್ಲಿಸಲು ಇನ್ನೊಂದು, ಎಲೆ ಒಣಗಿದ ಮೇಲೆ ದಂಟು ಒಣಗಲು ಮತ್ತೊಂದು. ರಾತ್ರಿಯೆಲ್ಲ ಎದ್ದೆದ್ದು ಥರ್ಮಾಮೀಟರ್ ನೋಡಿ, ಒಂದೊಂದು ಡಿಗ್ರಿಗೂ ಲೆಕ್ಕ ಕೊಟ್ಟು ಬೇಯಿಸುತ್ತಾರೆ. ಅಂಥವರ ಮಕ್ಕಳಾದ ನೀವು, ಕಟಿಂಗ್ ಮೆಷಿನ್ ಹಿಡಿದವನು ‘ಇಷ್ಟು ಸಾಕಾ ಅಣ್ಣ?’ ಎಂದು ಕೇಳಿದ್ದಕ್ಕೆ ‘ಇನ್ನರ್ಧ ಸುತ್ತು ತಗಿ’ ಅನ್ನುತ್ತೀರಿ.

ಹುಣಸೂರಿನವರಿಗೆ ಒಂದು ವಿಶೇಷ ಸೂಚನೆ ಉಂಟು. ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ನಿಮ್ಮ ಕಾರಿನ ಮುಂದಿನ ಬಂಪರು ಒಂದೊಂದು ಉಬ್ಬಿನಲ್ಲೂ ಡಾಂಬರು ಉಳುತ್ತಿರುವುದನ್ನು ನೋಡಿದರೆ, ಆ ರಸ್ತೆಯ ಪಹಣಿಗೆ ನೀವು ಅರ್ಜಿ ಹಾಕಬಹುದು ಅನ್ನಿಸುತ್ತದೆ.

ತಗ್ಗಿಸಿದವರ ಕಥೆ ಇದಾದರೆ ಎತ್ತರಿಸಿದವರದ್ದು ಬೇರೆ. ಮದುವೆ ದಿಬ್ಬಣದ ಭಾರಕ್ಕೆ ಕಾರು ಕೂರುತ್ತದೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕುತ್ತಾರೆ. ತುರುಕಿದ ಕಡೆ ಸುತ್ತು ಅಲ್ಲಾಡುವುದಿಲ್ಲ, ಅಂದರೆ ಕೊಯ್ಯದೆಯೇ ಕೊಯ್ದ ಹಾಗೆ, ಸ್ಪ್ರಿಂಗ್ ಗಡಸಾಯಿತು. ಕಾರು ಎತ್ತರವಾದ್ದರಿಂದ ಶಾಕಪ್ ಆಗಲೇ ಬಹುಪಾಲು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿಯಬೇಕಾದಾಗ ಇಳಿಯಲು ಜಾಗವಿಲ್ಲದೆ ಟಣ್ಣನೆ ನಿಲ್ಲುತ್ತದೆ. ತಗ್ಗಿಸಿದವನ ಕಾರು ಉಬ್ಬಿಗೆ ಹೆದರುತ್ತದೆ, ಎತ್ತರಿಸಿದವನದು ಹಳ್ಳಕ್ಕೆ. ಇಬ್ಬರೂ ಬಿಲ್ಲು ತೋರಿಸಿ ‘ಕಂಫರ್ಟು ಸೂಪರ್ ಮಾವ’ ಅನ್ನುತ್ತಾರೆ. ದುಡ್ಡು ಕೊಟ್ಟವರಿಗೆ ಕಂಫರ್ಟು ಮೊದಲು ನಾಲಗೆಗೆ ಬರುತ್ತದೆ, ಸೊಂಟಕ್ಕೆ ತಲುಪುವುದು ತಡ.

ಗಡಸಾದರೇನೇ ಕಾರು ರಸ್ತೆ ಹಿಡಿಯುವುದು ಎಂಬುದು ನಿಮ್ಮ ಧರ್ಮಗ್ರಂಥದ ಮೊದಲ ಶ್ಲೋಕ. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆ ಅರ್ಥವಿದೆ, ಅಲ್ಲಿನ ನೆಲ ಹಾಸುಗಲ್ಲಿನಂತಿರುತ್ತದೆ. ನಮ್ಮ ರಸ್ತೆಯಲ್ಲಿ ಗಡಸು ಸ್ಪ್ರಿಂಗಿನ ಚಕ್ರ ಗುಂಡಿಯಿಂದ ಗುಂಡಿಗೆ ನೆಗೆಯುತ್ತದೆ. ನೆಗೆತದಲ್ಲಿ ಟೈರು ಗಾಳಿಯಲ್ಲಿದ್ದಷ್ಟು ಹೊತ್ತು ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಓಟದ ಕಾರುಗಳಿಂದಲೇ ಹೆಸರು ಮಾಡಿದವನು. 1962ರಲ್ಲಿ ಅವನು ತಂದ ಎಲಾನ್ ಕಾರಿನಲ್ಲಿ ಸ್ಪ್ರಿಂಗ್ ಮೆತ್ತಗಿತ್ತು, ಚಕ್ರಕ್ಕೆ ಓಡಾಡಲು ಜಾಗ ಧಾರಾಳವಾಗಿತ್ತು, ಹಿಡಿತದ ಕೆಲಸವನ್ನು ಶಾಕಪ್ ನೋಡಿಕೊಳ್ಳುತ್ತಿತ್ತು. ತಿರುವಿನಲ್ಲಿ ಅದನ್ನು ಮೀರಿಸುವ ಕಾರು ಆ ಕಾಲಕ್ಕೆ ಅಪರೂಪ.

ಇನ್ನೊಬ್ಬನ ಕಥೆ ನಿಮ್ಮಪ್ಪನಿಗೆ ಹೆಚ್ಚು ಹಿಡಿಸೀತು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಪಿಯರ್ ಬುಲಾಂಜೆ 1930ರ ದಶಕದಲ್ಲಿ ತನ್ನ ಎಂಜಿನಿಯರುಗಳಿಗೆ ಕೇಳಿದ್ದು ಇಷ್ಟು: ಇಬ್ಬರು ರೈತರು, 50 ಕಿಲೋ ಆಲೂಗಡ್ಡೆ, ಗಂಟೆಗೆ 60 ಕಿ.ಮೀ. ವೇಗ, ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಆ ಕಾರು 2ಸಿವಿ ಎಂಬ ಹೆಸರಲ್ಲಿ 1948ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದಾಗ ಪೇಟೆಯವರು ನಕ್ಕರು. ರೈತರು ಕೊಂಡರು. ಉತ್ತ ಹೊಲದ ಮೇಲೆ ಮೊಟ್ಟೆ ಸಾಗಿಸುವ ವಿದ್ಯೆ ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಲೋಕದಲ್ಲಿದೆ. ನೀವು ಡಾಂಬರು ರಸ್ತೆಯ ಮೇಲೆ ಮಾವನನ್ನು ಸಾಗಿಸಲಾರಿರಿ.

ನನ್ನ ಅಹವಾಲಿಗೆ ಶಾಸ್ತ್ರಾಧಾರವೂ ಇದೆ. ಮನುಷ್ಯನ ಮೈಗೆ ಒಗ್ಗುವ ಕಾರು, ಎಬ್ಬಿಸಿ ಬಿಟ್ಟರೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದ ಲಯದಲ್ಲಿ ತೂಗುತ್ತದೆ. ಎರಡು ದಾಟಿದರೆ ಅದು ಓಟದ ಕಾರಿನ ಜಾತಿ. ಕೂತ ಮೈಯಿಗೆ ಅತಿ ಹೆಚ್ಚು ಹಿಂಸೆ ಕೊಡುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರು. ರಬ್ಬರ್ ಸ್ಟಾಪರ್ ಮೇಲೆ ಕೂತು ಓಡುವ ಕಾರು ಹೋಗಿ ಮುಟ್ಟುವುದು ಆ ಕಡೆಗೇ. ಹಿಂದಿನ ಸೀಟಿನವರ ಪರವಾಗಿ ಲೆಕ್ಕ ಹಾಕಿದ ಪುಣ್ಯಾತ್ಮ ಮಾರಿಸ್ ಓಲಿ. ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲಾಕ್‌ಗೆ ಹೋದ ಇವನು 1930ರ ದಶಕದ ಮೊದಲಲ್ಲಿ ಕಾರಿನ ಹಿಂದೆ ಮುಂದೆ ತೂಕ ಕಟ್ಟಿ, ಸರಿಸಿ, ಓಡಿಸಿ ನೋಡಿದ. ಗಂಟೆಗೆ 40 ಕಿ.ಮೀ.ನಲ್ಲಿ ಮುಂದಿನ ಚಕ್ರ ಉಬ್ಬು ಹತ್ತಿದ ಮೇಲೆ ಹಿಂದಿನದು ಹತ್ತುವುದಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಸಾಕು. ಓಲಿ ಕಂಡುಕೊಂಡದ್ದು ಇದು: ತಡವಾಗಿ ಎದ್ದ ಹಿಂಭಾಗ ಮುಂಭಾಗವನ್ನು ಕೂಡಿಕೊಳ್ಳಬೇಕಾದರೆ ಅದರ ಲಯ ತುಸು ಚುರುಕಾಗಿರಬೇಕು, ಮುಂದಿನದು ತುಸು ಮೆತ್ತಗಿರಬೇಕು. ಆಗ ಎರಡೂ ಜೊತೆಗೆ ಇಳಿದು ಸವಾರಿ ಮಟ್ಟವಾಗುತ್ತದೆ. ಸ್ಟೈಲಿಗೆಂದು ಮುಂದಿನ ಎರಡು ಸ್ಪ್ರಿಂಗ್ ಮಾತ್ರ ಕೊಯ್ಸಿದ ಅಳಿಯಂದಿರು ಈ ಮಹಾನುಭಾವನನ್ನು ತಲೆಕೆಳಗು ಮಾಡಿದ್ದಾರೆ. ಅವರ ಕಾರು ಉಬ್ಬು ದಾಟಿದ ಮೇಲೂ ಒಂದು ಫರ್ಲಾಂಗು ತಲೆಯಾಡಿಸುತ್ತ ಹೋಗುತ್ತದೆ. ಒಪ್ಪಿಗೆಯ ತಲೆಯಾಡಿಕೆ ಅದಲ್ಲ.

ನಿಮ್ಮಲ್ಲಿ ಸ್ಥಿತಿವಂತರು ಬೆಂಗಳೂರಿಗೆ ಹೋಗಿ ಕಾಯ್ಲೋವರ್, ಅಂದರೆ ಬಿಗಿ ಬದಲಿಸಬಹುದಾದ ಸ್ಪ್ರಿಂಗ್-ಶಾಕಪ್ ಜೋಡಿ, ಹಾಕಿಸಿ ಬಂದಿದ್ದಾರೆ. ಮೂವತ್ತೆರಡು ಮೆಟ್ಟಿಲಿನ ತಿರುಪು, ಮೆಟ್ಟಿಲಿಗೊಂದು ಬಿಗಿ. ನಾಲ್ಕು ತಾಲ್ಲೂಕಿಗೆ ಎಂಟೆಂಟರಂತೆ ಹಂಚಿದರೆ ಸರಿಹೋಗುತ್ತದೆ ಎಂದು ನಾನೂ ಸಂತೋಷಪಟ್ಟೆ. ಕೆ.ಆರ್. ನಗರದ ಕಡೆ ನಾಲೆ ಏರಿಯ ರಸ್ತೆ ಅಲೆಅಲೆಯಾಗಿ ಏಳುತ್ತದೆ, ಅಲ್ಲಿ ಶಾಕಪ್ ಬಿಗಿಯಾಗಿರದಿದ್ದರೆ ಹೊಟ್ಟೆ ತೊಳಸುತ್ತದೆ. ಪಿರಿಯಾಪಟ್ಟಣದ ಹೆದ್ದಾರಿಯಲ್ಲಿ ಬೈಲುಕುಪ್ಪೆ, ಕುಶಾಲನಗರ ದಾಟಿ ಮಡಿಕೇರಿ ತಿರುವು ಸಿಗುವತನಕ ಯಾವ ಮೆಟ್ಟಿಲಾದರೂ ನಡೆದೀತು. ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಬಾವಲಿ ಕಡೆಗೆ ಕಾಡು ಹೊಕ್ಕರೆ ಸಾಲು ಸಾಲು ಉಬ್ಬು, ಅವು ಆನೆ, ಜಿಂಕೆಗಳ ಸೌಕರ್ಯಕ್ಕೆ. ಅಲ್ಲಿ ಮೂವತ್ತೆರಡೂ ಮೆಟ್ಟಿಲು ಸೋತು, ಉಳಿಯುವುದು ಬ್ರೇಕು. ಇನ್ನು ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ರಸ್ತೆಗೆ ಹಾಸಿ ಒಕ್ಕಣೆ ಮಾಡುತ್ತಾರಲ್ಲ, ಯಾವ ದೇಶದ ಕಾಯ್ಲೋವರ್ ಪುಸ್ತಕದಲ್ಲೂ ಅದಕ್ಕೊಂದು ಮೆಟ್ಟಿಲಿಲ್ಲ. ತಗ್ಗಿದ ಕಾರು ಹುರುಳಿಬಳ್ಳಿಯನ್ನು ಹೊಟ್ಟೆಗೆ ಸುತ್ತಿಕೊಂಡು ಹೋಗುತ್ತದೆ. ಬಿಸಿ ಸೈಲೆನ್ಸರಿಗೆ ಒಣಹುಲ್ಲು ತಾಗಿದರೆ ಕಾರೇ ಹೊತ್ತಿಕೊಳ್ಳುತ್ತದೆ, ಇದು ತಮಾಷೆಯ ಮಾತಲ್ಲ.

ಕಾನೂನಿಗೂ ನಿಮ್ಮ ಮೇಲೆ ಕಣ್ಣಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 182ಎ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದ ಮಾರ್ಪಾಡು ಮಾಡಿಕೊಂಡ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಇನ್ಸ್‌ಪೆಕ್ಟರು ಗಣಿತದಲ್ಲಿ ಗಟ್ಟಿಗರಾಗಿದ್ದು ನಾಲ್ಕು ಸ್ಪ್ರಿಂಗಿಗೆ ನಾಲ್ಕು ಮಾರ್ಪಾಡು ಎಂದರೆ 20,000.

ಅದೇ ತಿದ್ದುಪಡಿಯಲ್ಲಿ 198ಎ ಎಂಬ ತಮ್ಮನೂ ಹುಟ್ಟಿದ್ದಾನೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಜೈಲಿಲ್ಲ. ಆ ದಂಡವೂ ಬೀಳಬೇಕಾದರೆ ಯಾರಾದರೂ ಸಾಯಬೇಕು ಇಲ್ಲವೇ ಅಂಗವಿಕಲರಾಗಬೇಕು. ಸ್ಪ್ರಿಂಗ್ ಬಗ್ಗಿದ್ದು, ಮಾವನ ಸೊಂಟ ಉಳುಕಿದ್ದು ಲೆಕ್ಕಕ್ಕಿಲ್ಲ. ಕಾರಿನ ಸ್ಪ್ರಿಂಗ್ ಒಂದಿಂಚು ಬದಲಾದರೆ ಅಪರಾಧ, ರಸ್ತೆ ಒಂದಡಿ ಕುಸಿದರೆ ಮಳೆಗಾಲ.

ಉಬ್ಬಿಗೂ ಒಂದು ಅಳತೆ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ಬಾಗು. ಗಂಟೆಗೆ 25 ಕಿ.ಮೀ.ನಲ್ಲಿ ಆರಾಮವಾಗಿ ದಾಟಬಹುದು. ಅಷ್ಟಗಲದ ಉಬ್ಬಿನ ಮೇಲೆ ಚಿಕ್ಕ ಕಾರಿನ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲಬಹುದು. ನಮ್ಮೂರ ಉಬ್ಬು ಹುಟ್ಟುವ ಕ್ರಮವೇ ಬೇರೆ. ಅಪಘಾತವಾದ ಮರುದಿನ ಊರವರು ರಸ್ತೆಗೆ ಕಲ್ಲಿಡುತ್ತಾರೆ, ಮೂರನೇ ದಿನ ಉಳಿದ ಜಲ್ಲಿ ಡಾಂಬರು ಬಂದು ಬೀಳುತ್ತದೆ. ಅಗಲ ಒಂದು ಮೊಳ, ಎತ್ತರ ಊರವರ ಸಿಟ್ಟಿನಷ್ಟು. ಅವರ ಸಿಟ್ಟು ನ್ಯಾಯವಾದದ್ದೇ. ಆ ಉಬ್ಬಿಗೆ ಬಿಳಿ ಪಟ್ಟೆ ಬಳಿಯುವವರು ಮಾತ್ರ ಯಾವ ಕಲಮಿನಡಿ ಬರುತ್ತಾರೋ ತಿಳಿಯದು. ಈ ಪತ್ರದ ಒಂದು ಪ್ರತಿಯನ್ನು ಲೋಕೋಪಯೋಗಿ ಇಲಾಖೆಗೆ, ಅಳತೆ ಟೇಪಿನ ಸಮೇತ, ಕಳಿಸುವ ಇರಾದೆಯಿದೆ.

ಹಾಗಾದರೆ ಕಾರಿಗೆ ಏನೂ ಮಾಡಿಸಬಾರದೇ ಮಾವ, ಅನ್ನುತ್ತೀರಿ. ಮಾಡಿಸಿ, ಯಾರು ಬೇಡವೆಂದರು? ಅಗ್ಗದ್ದರಿಂದ ಶುರು ಮಾಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರಿನ ಗಾಳಿಯ ಲೆಕ್ಕದ ಚೀಟಿ ಅಂಟಿಸಿರುತ್ತಾರೆ. ಟೈರು ತಣ್ಣಗಿದ್ದಾಗ ಆ ಚೀಟಿಯಂತೆ ಗಾಳಿ ಹಿಡಿಸಿ. ಅಲ್ಲಿ ಮೂವತ್ತೆರಡು ಎಂದಿದ್ದರೆ ಬಂಕಿನ ಹುಡುಗ ನಲವತ್ತು ತುಂಬುತ್ತಾನೆ, ನೀವು ಆ ತಪ್ಪಿಗೆ ಶಾಕಪ್ಪನ್ನು ಬಯ್ಯುತ್ತೀರಿ. ಹದಿನಾಲ್ಕಿಂಚಿನ ಚಕ್ರ ತೆಗೆದು ಹದಿನೇಳರ ಅಲಾಯ್ ಹಾಕಿದ್ದೀರಲ್ಲ, ಟೈರಿನ ಪಕ್ಕದ ರಬ್ಬರು ಬಳೆಯಷ್ಟಾಗಿದೆ. ಗುಂಡಿಯ ಮೊದಲ ಪೆಟ್ಟು ತಿನ್ನಬೇಕಾದದ್ದು ಆ ರಬ್ಬರು. ಹಳೆಯದನ್ನೇ ಹಾಕಿಸಿ. ಸವೆದ ಬುಷ್, ಲಿಂಕ್ ರಾಡ್ ಬದಲಿಸಿದರೆ ಅರ್ಧ ಸದ್ದು ಅಲ್ಲೇ ಹೋಗುತ್ತದೆ. ಶಾಕಪ್ ಎಣ್ಣೆ ಸೋರಿದ್ದರೆ ಒಂದನ್ನೇ ಹಾಕಿಸಬೇಡಿ, ಜೋಡಿಯಾಗಿ ಹಾಕಿಸಿ, ಆಮೇಲೆ ಅಲೈನ್‌ಮೆಂಟ್ ಮರೆಯಬೇಡಿ. ಇಷ್ಟೆಲ್ಲ ಆದ ಮೇಲೂ ಕಾರು ತಿರುವಿನಲ್ಲಿ ವಾಲುತ್ತದೆ ಅನ್ನಿಸಿದರೆ ಆಗ ಒಳ್ಳೆಯ ಶಾಕಪ್‌ಗೆ ದುಡ್ಡು ಹಾಕಿ, ಸ್ಪ್ರಿಂಗನ್ನು ಅದರ ಪಾಡಿಗೆ ಬಿಡಿ.

ತಿರುಪು ಇರುವವರು ಪೂರ್ತಿ ಸಡಿಲದಿಂದ ಆರಂಭಿಸಿ. ಗೊತ್ತಿರುವ ಒಂದೇ ರಸ್ತೆ, ಒಂದೇ ವೇಗ, ಒಂದು ಸಲಕ್ಕೆ ಎರಡು ಮೆಟ್ಟಿಲು, ಪುಸ್ತಕದಲ್ಲಿ ಬರೆದುಕೊಳ್ಳುತ್ತ ಬನ್ನಿ. ಉಬ್ಬು ದಾಟಿದ ಕಾರು ಒಮ್ಮೆ ಎದ್ದು ಕೂತು ಸುಮ್ಮನಾದರೆ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಬಿಗಿದದ್ದು ಗೆಳೆಯರಿಗೆ ಹೇಳಿಕೊಳ್ಳುವುದಕ್ಕೆ ಮಾತ್ರ ಉಪಯೋಗ. ಸ್ಟೇರಿಂಗ್ ಹಿಡಿದವನ ಸರ್ಟಿಫಿಕೇಟು ನಡೆಯುವುದಿಲ್ಲ. ಅವನಿಗೆ ಗುಂಡಿ ಮೊದಲೇ ಕಾಣುತ್ತದೆ, ಮೈ ಗಟ್ಟಿ ಮಾಡಿಕೊಂಡಿರುತ್ತಾನೆ. ತೀರ್ಪು ಹಿಂದಿನ ಸೀಟಿನವರದ್ದು. ಗಾಳಿ ಸರಿ ಹಿಡಿಸಿಕೊಂಡು ಭಾನುವಾರ ಬನ್ನಿ, ಬಿಳಿಕೆರೆಯಿಂದ ಕೆ.ಆರ್. ನಗರಕ್ಕೆ ಹೋಗಿ ಬರೋಣ, ನನ್ನ ಕಡೆಯಿಂದ ಟಿಫನ್. ಕೊಯ್ಸಿದ ಸ್ಪ್ರಿಂಗಿನವರು ಮಾತ್ರ ಹಿಂದೆಯೇ ಬಸ್ಸಿನಲ್ಲಿ ಬರಬೇಕಾಗಿ ವಿನಂತಿ.

ಇಂತಿ ನಿಮ್ಮ,
ಹಿಂದಿನ ಸೀಟಿನ ಮಾವ
ಹುಣಸೂರು