ನಾರಿಕೇಳಭೇದನ ಮೀಮಾಂಸೆ

ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿಯೊಂದನ್ನು ಕಟ್ಟಿ, ಕೋವಿಯುಳ್ಳ ಹತ್ತಾರು ಮಂದಿ ಕೆಳಗೆ ಕೂಡಿ, ಸರದಿಯಂತೆ ಗುರಿ ಹಿಡಿದು, ಸರದಿಯಂತೆ ಗುರಿ ತಪ್ಪುವ ಕ್ರಿಯೆಗೆ ನಾರಿಕೇಳಭೇದನವೆಂದು ಹೆಸರು. ಕೊಡಗಿನ ಆಡುಮಾತಿನಲ್ಲಿ ಇದು ಕಾಯಿಗೆ ಗುಂಡು ಹೊಡೆಯುವುದು. ಕಾಯಿ ಒಡೆಯುವುದು ಈ ಕ್ರಿಯೆಯ ಮುಖ್ಯ ಲಕ್ಷಣವಲ್ಲ. ಒಡೆದ ಕ್ಷಣಕ್ಕೆ ಬಳಗ ಚದುರುವುದರಿಂದ ಅದನ್ನು ಪ್ರಳಯವೆಂದು ಎಣಿಸುವುದೇ ಸರಿ.

ಇದಕ್ಕೆ ಪ್ರಶಸ್ತ ಕಾಲ ಸೆಪ್ಟೆಂಬರ್ 3ರ ಆಸುಪಾಸು, ಅಂದರೆ ಕೈಲ್‌ಪೊಳ್ದ್. ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ಗದ್ದೆಯ ನಾಟಿ ಮುಗಿದು ಮೈಕೈಯ ಕೆಸರು ತೊಳೆದುಕೊಂಡ ಮೇಲೆ ಕೋವಿ, ಒಡಿಕತ್ತಿಗಳನ್ನು ಪೂಜೆಗಿಟ್ಟು, ಕೋವಿಯ ನಳಿಗೆಯ ತುದಿಗೆ ತೋಕ್‌ಪೂ ಸಿಕ್ಕಿಸುತ್ತಾರೆ. ತೋಕ್ ಎಂದರೆ ಕೋವಿ. ಕೋವಿಯ ಹೆಸರನ್ನೇ ಹೊತ್ತ ಹೂವು ಇದು. ಸಂಸ್ಕೃತದವರು ಅಗ್ನಿಶಿಖೆ ಎಂದರು. ಬುಡ ಹಳದಿ, ತುದಿ ಕೆಂಪು, ಎಸಳುಗಳೆಲ್ಲ ಮೇಲಕ್ಕೆ ಹೊರಳಿ ಈಗಷ್ಟೇ ಈಡು ಹೊಡೆದಂತೆ ಕಾಣುತ್ತದೆ. ಗೆಡ್ಡೆಯೋ ಘೋರ ವಿಷ. ಈ ಹೂವನ್ನು ತೆಗೆಯದೆ ಸರದಿಗೆ ಬಂದವನನ್ನು ಹಿಂದಕ್ಕಟ್ಟುವುದು ಬಳಗದ ಮೊದಲ ವಿಧಿ. ಬಾಯಿ ಕಟ್ಟಿದ ನಳಿಗೆ ಸಿಡಿದರೆ ಶಾಸ್ತ್ರವೂ ಉಳಿಯದು, ಶಾಸ್ತ್ರಜ್ಞನೂ ಉಳಿಯನು.

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕು. ಅಧಿಕಾರಿ ಎಂದರೆ ಜಿಲ್ಲಾಧಿಕಾರಿಯಲ್ಲ, ಅರ್ಹತೆಯುಳ್ಳವನು. ಆದರೂ ಈ ಶಾಸ್ತ್ರದಲ್ಲಿ ಎರಡನೆಯವನಾಗಲು ಮೊದಲನೆಯವರ ಕಚೇರಿಯ ಬೆಂಚಿನ ಮೇಲೆ ಕೂತೆದ್ದು ಬರಬೇಕಾಗುತ್ತದೆ. 1959ರ ಆಯುಧ ಕಾಯ್ದೆಯಂತೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿದಾರರಿಗೂ ಅದೇ ಕಾಯ್ದೆಯ 41ನೇ ಕಲಮಿನಡಿ ವಿನಾಯಿತಿ ಉಂಟು. ಇದರ ಬೇರು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆಜ್ಞೆಯಲ್ಲಿದೆ. 2019ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಸಿಕ್ಕಿದ್ದು ಲೈಸೆನ್ಸಿನಿಂದ ಮಾತ್ರ, ಕಾಗದದಿಂದಲ್ಲ. ಲೈಸೆನ್ಸ್ ಬೇಡವೆಂದು ತೋರಿಸಲು ವಿನಾಯಿತಿ ಪತ್ರ ಬೇಕು, ಆ ಪತ್ರಕ್ಕೆ ಅರ್ಜಿ ಬೇಕು, ಅರ್ಜಿಗೆ ಲಗತ್ತುಗಳು ಬೇಕು. ಇದನ್ನು ತಾರ್ಕಿಕರು ಅನವಸ್ಥಾದೋಷ ಎನ್ನುತ್ತಾರೆ, ಗುಮಾಸ್ತರು ಕ್ರಮ ಎನ್ನುತ್ತಾರೆ.

ವಿಷಯ, ತೆಂಗಿನಕಾಯಿ. ಇಲ್ಲಿ ಎರಡು ದರ್ಶನಗಳಿವೆ. ಸಿಪ್ಪೆಯ ಸಮೇತ ಕಟ್ಟಬೇಕೆನ್ನುವವರು ಸಸಿಪ್ಪವಾದಿಗಳು, ಸುಲಿದು ಕಟ್ಟಬೇಕೆನ್ನುವವರು ನಿಸ್ಸಿಪ್ಪವಾದಿಗಳು. ಸಿಪ್ಪೆಯಿದ್ದರೆ ಕಾಯಿ ದೊಡ್ಡದಾಗಿ ಕಾಣುತ್ತದೆ, ಆದರೆ ಗುಂಡು ಹೊಕ್ಕಿದ್ದು ಕಾಣುವುದಿಲ್ಲ. ಹೀಗಾಗಿ ಪ್ರತ್ಯಕ್ಷವನ್ನು ಬಿಟ್ಟು ಅನುಮಾನ ಪ್ರಮಾಣಕ್ಕೆ ಮೊರೆಹೋಗಬೇಕು: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ನೀರು ತೊಟ್ಟಿಕ್ಕುವುದೋ ಅಲ್ಲಿ ತೂತು. ಮಳೆ ಹಿಂದೆಗೆಯದ ಸೆಪ್ಟೆಂಬರಿನ ಕೊಡಗಿನಲ್ಲಿ ಕಾಯಿಯಷ್ಟೇ ಅಲ್ಲ, ಕೊಂಬೆ, ಎಲೆ, ಹಗ್ಗ, ತೀರ್ಪುಗಾರರ ಟೋಪಿ ಎಲ್ಲವೂ ತೊಟ್ಟಿಕ್ಕುತ್ತಿರುವುದರಿಂದ ಈ ಅನುಮಾನ ಬಹುಮಟ್ಟಿಗೆ ಹೇತ್ವಾಭಾಸದಲ್ಲಿ ಮುಗಿಯುತ್ತದೆ. ನಿಜ ತಿಳಿಯಲು ನೆಲಕ್ಕೆ ಬಿದ್ದ ನೀರನ್ನು ನೆಕ್ಕಿ ನೋಡಬೇಕೆಂಬ ಸಲಹೆಯನ್ನು ಯಾರೂ ಆಚರಣೆಗೆ ತಂದಂತಿಲ್ಲ.

ಸಾಧನಗಳಲ್ಲಿ 12 ಬೋರಿನ ತೋಟಾಕೋವಿ ಪ್ರಸಿದ್ಧ. ಒಂದು ಪೌಂಡು ಸೀಸದಿಂದ ಸಮನಾದ 12 ಉಂಡೆ ಮಾಡಿದರೆ ಒಂದೊಂದು ಉಂಡೆಯೂ ಕೂರುವಷ್ಟು ಅಗಲದ ನಳಿಗೆಗೆ ಆ ಹೆಸರು. ಲಾಡುವಿನ ಲೆಕ್ಕದಂತಿರುವ ಈ ವ್ಯಾಖ್ಯೆಯನ್ನು ಮಾಡಿದವರು ಹೊಟ್ಟೆ ಹಸಿದವರಿರಬೇಕು. ಪಾಯಿಂಟ್ ಟೂಟೂ ರೈಫಲಿನದು ಸಣ್ಣ ಗುಂಡು. ಸಣ್ಣದೆಂದು ಅಸಡ್ಡೆ ಮಾಡುವಂತಿಲ್ಲ, ಕಾಯಿ ತಪ್ಪಿದ ಮೇಲೆ ಒಂದೂವರೆ ಕಿಲೋಮೀಟರು ದಾಟಿಯೂ ಹೋಗಬಲ್ಲದು. ಆದ್ದರಿಂದ ಮರದ ಹಿಂದೆ ದಿಣ್ಣೆ ಇರಬೇಕು, ದಿಣ್ಣೆಯ ಆಚೆ ಯಾರ ಮನೆಯೂ ಇರಬಾರದು, ಸರದಿ ಬರುವವರೆಗೆ ನಳಿಗೆ ಬಗ್ಗಿಸಿ ತೋಟಾ ಇಲ್ಲವೆಂದು ಎಲ್ಲರಿಗೂ ತೋರುವಂತೆ ಹಿಡಿದಿರಬೇಕು. ಈ ಭಾಗದಲ್ಲಿ ಮಾತ್ರ ಪೂರ್ವಪಕ್ಷಕ್ಕೆ ಅವಕಾಶವಿಲ್ಲ.

ಸಂಬಂಧದ ಬಗ್ಗೆ ವಿಸ್ತರಿಸಬೇಕಿಲ್ಲ. ಅಲ್ಲಿ ಸೇರಿದವರೆಲ್ಲ ಹೇಗೋ ಒಂದು ಕಡೆಯಿಂದ ಸಂಬಂಧಿಗಳೇ.

ಬಳಗಕ್ಕೊಬ್ಬ ತೀರ್ಪುಗಾರ ಬೇಕು. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳ ನಾಡಾದ್ದರಿಂದ ನಿವೃತ್ತ ಸುಬೇದಾರರಿಗೆ ಬರವಿಲ್ಲ. ಬರವಿರುವುದು ಅವರಲ್ಲಿ ತಾವೇ ಹೊಡೆಯದೆ ಸುಮ್ಮನೆ ನೋಡುವವರಿಗೆ. ಸುಬೇದಾರರು ತಾವು ಹೊಡೆದಾಗ ಕಾಯಿ ಅಲ್ಲಾಡಿತೆನ್ನುತ್ತಾರೆ. ಅಲ್ಲಾಡಿಸಿದ್ದು ಗಾಳಿ ಎಂದು ಅಳಿಯ ಮೆಲ್ಲಗೆ ಹೇಳುತ್ತಾನೆ. ಅಳಿಯನ ಸರದಿಯಲ್ಲಿ ಕಾಯಿ ಅಲ್ಲಾಡುವುದೇ ಇಲ್ಲ. ಆಗ ಗಾಳಿ ಇರಲಿಲ್ಲವೆಂದು ಮಾವ ಗಟ್ಟಿಯಾಗಿಯೇ ಹೇಳುತ್ತಾರೆ.

ಶಾಸ್ತ್ರದ ಹೃದಯಭಾಗ ನೆಪಪ್ರಕರಣ. ಗುರಿ ತಪ್ಪಿದವನು ಮೊದಲು ಮಾಡಬೇಕಾದ್ದು ಕೋವಿಯನ್ನು ದಿಟ್ಟಿಸಿ ನೋಡುವುದು, ಅದು ತನಗೆ ಮೋಸ ಮಾಡಿತೆಂಬಂತೆ. ಆಮೇಲೆ ಮಾತು. ತೋಟಾ ಹೋದ ಮಳೆಗಾಲದ್ದು. ಕನ್ನಡಕ ಮನೆಯಲ್ಲಿ ಉಳಿಯಿತು. ಕುದುರೆ ಎಳೆಯುವ ಹೊತ್ತಿಗೆ ಹಿಂದೆ ಯಾರೋ ಕೆಮ್ಮಿದರು. ಕೋವಿ ಅಜ್ಜನದಾದರೆ ನೆಪ ಹೇಳುವಂತಿಲ್ಲ, ಅಜ್ಜನಿಗೆ ಅವಮಾನ. ಆಗ ಕಣ್ಣಿಗೆ ಹುಳ ಬೀಳಬೇಕು. ಒಮ್ಮೆ ಬಳಸಿದ ನೆಪವನ್ನು ಅದೇ ದಿನ ಇನ್ನೊಬ್ಬ ಬಳಸಬಾರದು. ಹೀಗಾಗಿ ಕೊನೆಯ ಸರದಿಯವನಿಗೆ ಗುರಿ ಮುಟ್ಟುವುದರ ಹೊರತು ಬೇರೆ ದಾರಿ ಉಳಿದಿರುವುದಿಲ್ಲ. ಕಾಯಿ ಎಂದಾದರೂ ಒಡೆಯುವುದಕ್ಕೆ ಇದೊಂದೇ ತೃಪ್ತಿಕರ ವಿವರಣೆ.

ಇಲ್ಲೊಂದು ಶಬ್ದವಿಚಾರ ಅನಿವಾರ್ಯ. ಕನ್ನಡದಲ್ಲಿ ಗುಂಡು ಎಂಬ ಪದಕ್ಕೆ ಎರಡು ಅರ್ಥಗಳಿವೆ: ನಳಿಗೆಯಿಂದ ಹೊರಗೆ ಹೋಗುವಂಥದು, ಲೋಟದಿಂದ ಒಳಗೆ ಹೋಗುವಂಥದು. ಗುಂಡು ಹೊಡೆಯುವುದು, ಗುಂಡು ಹಾಕುವುದು ಎಂದು ಧಾತುಭೇದವಿದ್ದರೂ ಲೋಕವ್ಯವಹಾರದಲ್ಲಿ ಬೆರಕೆಯಾಗಿದೆ. ಪೌರ್ವಾಪರ್ಯ ಮಾತ್ರ ಕಟ್ಟುನಿಟ್ಟು. ಮೊದಲನೆಯ ಗುಂಡು ಮುಗಿದು, ಕೋವಿಗಳೆಲ್ಲ ಬರಿದಾಗಿ ಮನೆಯ ಒಳಕೋಣೆ ಸೇರಿ, ಬೀಗ ಬಿದ್ದು, ಬೀಗದ ಕೈ ಮನೆಯೊಡತಿಯ ಸೆರಗಿಗೆ ಸೇರಿದ ಮೇಲೆಯೇ ಎರಡನೆಯದು. ಕ್ರಮ ತಪ್ಪಿಸಲು ನೋಡಿದವನ ಹೆಸರು ಪಟ್ಟಿಯಿಂದ ಹೋಗುತ್ತದೆ.

ಉಳಿದದ್ದು ಪ್ರಯೋಜನ. ಅದು ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು ಮತ್ತು ಹಂದಿಮಾಂಸದ ಪಂದಿಕರಿ. ಸರದಿಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದ ಬಳಗಕ್ಕೆ ಊಟದ ಹೊತ್ತಿಗೆ ನಲವತ್ತು ಎಲೆ ಬೀಳುವುದು ಹೇಗೆಂಬುದಕ್ಕೆ ಮೀಮಾಂಸಕರು ಕಣ್ಣಿಗೆ ಕಾಣದ ‘ಅಪೂರ್ವ’ವನ್ನೇ ಕಾರಣ ಹೇಳಬೇಕು.

ಒಡೆದ ಕಾಯಿಯ ವಿನಿಯೋಗವೊಂದು ಬಾಕಿ. ಪಂದಿಕರಿಗೆ ಹುಳಿ ಕೊಡುವುದು ಕಾಚಂಪುಳಿ, ತೆಂಗಿನಕಾಯಿಗೆ ಅಲ್ಲಿ ಕೆಲಸವಿಲ್ಲ. ಸೀಸದ ಚರೆ ಹೊಕ್ಕ ಕಾಯಿಯನ್ನು ಚಟ್ನಿಗೂ ಯಾರೂ ತುರಿಯುವುದಿಲ್ಲ. ಗೆದ್ದವನು ಅದರ ಒಂದು ಹೋಳನ್ನು ಕಿಸೆಯಲ್ಲಿಟ್ಟುಕೊಂಡು ಊಟಕ್ಕೆ ಕೂತು, ಹೊಸಬರು ಬಂದಾಗೆಲ್ಲ ತೆಗೆದು ತೂತು ತೋರಿಸುತ್ತಾನೆ. ಒಡೆಯದೆ ಉಳಿದ ಕಾಯಿಯನ್ನು ಸಂಜೆ ಹಗ್ಗ ಬಿಚ್ಚಿ ಇಳಿಸುವಾಗ ಕೈಜಾರಿ ಕೆಳಗಿನ ಕಲ್ಲಿಗೆ ಬಿದ್ದು ಎರಡು ಹೋಳಾದರೆ, ಆ ಅಂಕ ಕೊನೆಯ ಸರದಿಯವನಿಗೋ ಹಗ್ಗ ಬಿಚ್ಚಿದವನಿಗೋ ಎಂಬ ಪ್ರಶ್ನೆ ಪಂಕ್ತಿಯ ಎರಡೂ ಬದಿಯಲ್ಲಿ ಚರ್ಚೆಯಾಗಿ, ತೀರ್ಪಿಲ್ಲದೆ, ಸುಗ್ಗಿಯ ಹಬ್ಬವಾದ ಪುತ್ತರಿಗೆ ಮುಂದಕ್ಕೆ ಹೋಗುತ್ತದೆ.