ಶಾಲು ಹೊದಿಸಿ, ಬಾಯಿ ಮುಚ್ಚಿಸಿ

ರಾಜಕೀಯವಾಗಿ ಎದುರುಬದುರು ನಿಂತವರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಮಾತಾಡುವ ಕಾಲ ಹೋಯಿತು ಎಂದು ಹಲುಬುವವರು ಈಚೆಗೆ ಹೆಚ್ಚಾಗಿದ್ದಾರೆ. ಇವರು ಕರ್ನಾಟಕದ ನಾಯಕರನ್ನು ಸರಿಯಾಗಿ ನೋಡಿದಂತಿಲ್ಲ. ಪಕ್ಷಭೇದ ಮರೆತು ಕೂತು ಮಾತಾಡುವುದರಲ್ಲಿ ನಮ್ಮವರ ಸರಿಸಾಟಿ ಸಿಗುವುದು ಕಷ್ಟ. 2006ರಲ್ಲಿ ಜೆಡಿಎಸ್ಸೂ ಬಿಜೆಪಿಯೂ ಎಷ್ಟು ಸೌಹಾರ್ದದಿಂದ ಮಾತಾಡಿಕೊಂಡವೆಂದರೆ, ಮುಖ್ಯಮಂತ್ರಿ ಕುರ್ಚಿಯನ್ನೇ ನನಗಿಪ್ಪತ್ತು ತಿಂಗಳು, ನಿನಗಿಪ್ಪತ್ತು ತಿಂಗಳು ಎಂದು ಹಂಚಿಕೊಂಡವು. (ಎರಡನೆಯ ಇಪ್ಪತ್ತು ಏನಾಯಿತು ಎಂದು ಕೇಳಬೇಡಿ. ಸಂವಾದವೆಂದ ಮೇಲೆ ಒಂದೆರಡು ಅಂಶ ಬಿಟ್ಟುಹೋಗುತ್ತವೆ.) 2018ರ ಪ್ರಚಾರದುದ್ದಕ್ಕೂ ಕಾಂಗ್ರೆಸ್ಸಿನ ಬಾಯಲ್ಲಿ ಬಿಜೆಪಿಯ ‘ಬಿ ಟೀಮ್’ ಆಗಿದ್ದ ಜೆಡಿಎಸ್, ಮತ ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಜಾತ್ಯತೀತತೆಯ ಭದ್ರಕೋಟೆಯಾಯಿತು. ಮರುವರ್ಷ ಅದೇ ಎರಡು ಪಕ್ಷಗಳ ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತು ಇನ್ನೊಂದು ಸುತ್ತಿನ ಮಾತುಕತೆ ನಡೆಸಿದರು. 17 ಮಂದಿ ಅನರ್ಹರೆನಿಸಿಕೊಂಡರು. ಅವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾಗಲು ಅರ್ಹರಾದರು. ಬಿಜೆಪಿಯ ಜೊತೆ ಒಮ್ಮೆ, ಕಾಂಗ್ರೆಸ್ಸಿನ ಜೊತೆ ಒಮ್ಮೆ ಮುಖ್ಯಮಂತ್ರಿಯಾದ ಕುಮಾರಸ್ವಾಮಿಯವರು ಈಗ ದೆಹಲಿಯಲ್ಲಿ ಮೋದಿಯವರ ಸಂಪುಟದಲ್ಲಿದ್ದಾರೆ. ಇಷ್ಟು ಸಲೀಸಾಗಿ ಬಾಗಿಲು ತೆರೆದಿಟ್ಟವರನ್ನು ಹಿಡಿದು ಮಾತುಕತೆಗೆ ಒಗ್ಗದವರು ಎನ್ನುವುದು ಅನ್ಯಾಯ.

ಹಾಗಾದರೆ ಮಾತು ಬಿಟ್ಟವರು ಯಾರು? ಹುಬ್ಬಳ್ಳಿಯ ದುರ್ಗದ ಬೈಲಿಗೆ ಬನ್ನಿ. ಅಲ್ಲೊಂದು ಓಣಿಯಲ್ಲಿ ಅಣ್ಣತಮ್ಮಂದಿರ ಬಾಂಡೆ ಸಾಮಾನಿನ ಅಂಗಡಿಯಿದೆ. ಅಪ್ಪನ ಕಾಲದಿಂದ ಇಬ್ಬರೂ ಕಮಲಕ್ಕೇ ಒತ್ತಿದವರು. 2023ರ ಏಪ್ರಿಲ್‌ನಲ್ಲಿ ಟಿಕೆಟ್ ತಪ್ಪಿದ ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು. ಮಾಜಿ ಮುಖ್ಯಮಂತ್ರಿ, ಮೇಲಾಗಿ ಊರಿನವರು. ತಮ್ಮ ಸಾಹೇಬರ ಹಿಂದೆ ಹೋದ, ಅಣ್ಣ ಪಕ್ಷದ ಹಿಂದೆ ಉಳಿದ. ಮೊದಲು ವಾಟ್ಸಾಪಿನಲ್ಲಿ ಬೈದಾಡಿದರು, ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ. ಚುನಾವಣೆಯ ಫಲಿತಾಂಶ ಬರುವ ಮೊದಲೇ ಅಂಗಡಿಯ ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ದಾಸ್ತಾನು ಹಂಚಿಕೊಳ್ಳುವಾಗ ಯಾರೂ ತಲೆ ಓಡಿಸಲಿಲ್ಲವಾದ್ದರಿಂದ ಕುಕ್ಕರು ಅಣ್ಣನ ಕಡೆ ಹೋದವು, ಅವುಗಳ ಗ್ಯಾಸ್ಕೆಟ್ಟು, ಸೀಟಿ ತಮ್ಮನ ಕಡೆ ಉಳಿದವು. ಈಗಲೂ ಅಲ್ಲಿ ಕುಕ್ಕರ್ ಕೊಳ್ಳಬೇಕೆಂದರೆ ಗಿರಾಕಿ ಎರಡು ಪಕ್ಷದ ಕಚೇರಿಗೂ ಹೋಗಿ ಬರಬೇಕು.

ಶೆಟ್ಟರ್ ಆ ಚುನಾವಣೆ ಸೋತರು, ಕಾಂಗ್ರೆಸ್ಸಿನಿಂದ ವಿಧಾನ ಪರಿಷತ್ತಿಗೆ ಹೋದರು, 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿದರು, ಬೆಳಗಾವಿಯಿಂದ ಲೋಕಸಭೆಗೆ ಗೆದ್ದರು. ಹೋಗಿ ಬರಲು ಹಿಡಿದದ್ದು ಒಂಬತ್ತು ತಿಂಗಳು. ಪ್ಲೈವುಡ್ಡು ಮಾತ್ರ ಹಾಗೇ ಇದೆ. ಒಂಬತ್ತು ತಿಂಗಳು ಸಾಹೇಬರನ್ನು ದ್ರೋಹಿಯೆಂದು ಬೈದ ಅಣ್ಣ ಈಗ ಅವರ ಹುಟ್ಟುಹಬ್ಬಕ್ಕೆ ಸ್ಟೇಟಸ್ ಹಾಕಬೇಕು. ಸಾಹೇಬರ ಸಲುವಾಗಿ ಅಣ್ಣನನ್ನೇ ಬಿಟ್ಟ ತಮ್ಮ ಸಾಹೇಬರಿಗೂ ಬೇಡವಾಗಿ, ಕಾಂಗ್ರೆಸ್ಸಿಗೂ ಪೂರ್ತಿ ಒಗ್ಗದೆ, ಗ್ಯಾಸ್ಕೆಟ್ ಮಾರುತ್ತ ಕೂತಿದ್ದಾನೆ. “ಅಂವಾ ಮೊದಲ ಬಂದು ಮಾತಾಡಸ್ಲಿ, ಆಮ್ಯಾಲೆ ನೋಡೂಣು” ಎನ್ನುತ್ತಾನೆ ಅಣ್ಣ. ತಮ್ಮನದೂ ಅದೇ ಮಾತು, ಅದೇ ಧಾಟಿ. ಎರಡೂ ಕಡೆಯ ಊಟದ ಡಬ್ಬಿ ಹೊತ್ತು ತರುವ ಅವರ ಅವ್ವ ಒಮ್ಮೆ ಗೋಡೆಯ ಪಕ್ಕ ನಿಂತೇ ಅಂದಿದ್ದಳು: “ಹುಚ್ಚಪ್ಯಾಲಿಗಳ್ರಾ, ಹೋದವರು ತಿರುಗಿ ಮನೀಗೆ ಬಂದ್ರು. ನೀವು ಎಲ್ಲೂ ಹೋಗದವರು ಇನ್ನೂ ಬಂದಿಲ್ಲಲ್ಲೋ!”

ಇಂಥ ಮುರಿದ ಮನೆಗಳನ್ನು ಸರಿಮಾಡಲೆಂದೇ ಈಗ ಊರೂರಲ್ಲಿ ಸೌಹಾರ್ದ ಸಂವಾದಗಳು ಏರ್ಪಾಡಾಗುತ್ತಿವೆ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವೂ ಹಿಂದೆ ಬೀಳಲಿಲ್ಲ. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಕಾರ್ಯದರ್ಶಿಗಳು ಒಂದು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದರು. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಪ್ರಾಸ್ತಾವಿಕ ನುಡಿ, ಆಶಯ ನುಡಿ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸನ್ಮಾನ, ಸ್ವಾಗತ, ನಿರೂಪಣೆ, ವಂದನಾರ್ಪಣೆ. ಎಲ್ಲಕ್ಕೂ ಕೆಳಗೆ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ: ‘ಸಮಯಾವಕಾಶವಿದ್ದಲ್ಲಿ ಸಂವಾದ’. ಮೊದಲ ಸಲ ಅಚ್ಚಾದ ಪತ್ರಿಕೆಯನ್ನು ಹಂಚಲೇ ಇಲ್ಲ. ಒಂದು ಪಕ್ಷದ ಮುಖಂಡರ ಹೆಸರು ಇನ್ನೊಂದು ಪಕ್ಷದವರ ಹೆಸರಿಗಿಂತ ಒಂದು ಗೆರೆ ಕೆಳಗಿತ್ತು. ಶಿಷ್ಟಾಚಾರ ಉಲ್ಲಂಘನೆ! ಎರಡನೆಯ ಸಲ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಲಾಯಿತು. ಆಗ ಎಡಗಡೆ ಯಾರು, ಬಲಗಡೆ ಯಾರು ಎಂಬ ಪ್ರಶ್ನೆ ಎದ್ದಿತು. ನಿಜ ಹೇಳುವುದಾದರೆ ಇಡೀ ಕಾರ್ಯಕ್ರಮದಲ್ಲಿ ಎರಡು ಕಡೆಯವರೂ ಮನಸ್ಸು ಬಿಚ್ಚಿ ಮಾತಾಡಿದ್ದು ಈ ವಿಷಯವೊಂದನ್ನೇ.

ಸರ್ಕಾರದ ಬಳಿ ಇದಕ್ಕೊಂದು ಹಳೆಯ ಮಾದರಿಯಿದೆ, ಪೊಲೀಸ್ ಠಾಣೆಯ ಶಾಂತಿ ಸಭೆ. ಗಣೇಶ ಚೌತಿ, ಈದ್ ಮಿಲಾದ್ ಬೆನ್ನುಬೆನ್ನಿಗೆ ಬಂದ ವರ್ಷವಂತೂ ಠಾಣೆಯ ಅಂಗಳದಲ್ಲಿ ಶಾಮಿಯಾನ ಇಳಿಯುವುದೇ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎರಡೂ ಸಮುದಾಯದ ಮುಖಂಡರು ಕೂರುತ್ತಾರೆ. ಇವರು ವರ್ಷವಿಡೀ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವವರು, ಜೊತೆಗೆ ಗಿರಮಿಟ್ಟು ತಿನ್ನುವವರು. ಇವರ ನಡುವೆ ಶಾಂತಿ ಎಂದೂ ಕದಡಿದ್ದಿಲ್ಲ. ಕಲ್ಲು ಎಸೆಯುವ ವಯಸ್ಸಿನ ಹುಡುಗರನ್ನು ಕರೆಯುವ ಪದ್ಧತಿ ಇಲ್ಲ. ಡಿಜೆ ಎಷ್ಟು ಡೆಸಿಬಲ್, ಮೆರವಣಿಗೆ ಯಾವ ಸರ್ಕಲ್ಲಿನಲ್ಲಿ ತಿರುಗಬೇಕು, ರಾತ್ರಿ 10ಕ್ಕೆ ಮೈಕು ಬಂದಾಗಬೇಕು ಎಂದು ಇನ್ಸ್‌ಪೆಕ್ಟರ್ ಸಾಹೇಬರು ಓದಿ ಹೇಳುತ್ತಾರೆ. ಒಬ್ಬ ಮುಖಂಡರು ಎದ್ದು ನಾವೆಲ್ಲ ಒಂದೇ ತಾಯಿಯ ಮಕ್ಕಳು ಎನ್ನುತ್ತಾರೆ, ಇನ್ನೊಬ್ಬರು ಅದನ್ನೇ ಅನುಮೋದಿಸುತ್ತಾರೆ, ಬಾದಾಮಿ ಹಾಲು ಬರುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಹಬ್ಬ ಶಾಂತಿಯುತವಾಗಿ ಆಚರಿಸಿ’ ಎಂಬ ತಲೆಬರಹ, ಅದರಡಿ ಹೋದ ವರ್ಷದ್ದೇ ಎನ್ನಿಸುವ ಫೋಟೋ. ಇತ್ತ ಅದೇ ಠಾಣೆಯ ಹಿಂದಿನ ಕೋಣೆಯಲ್ಲಿ ಹುಡುಗರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಕೆಲಸ ನಡೆದಿರುತ್ತದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 126. ಹಬ್ಬ ಸುಸೂತ್ರವಾಗಿ ಮುಗಿದರೆ ಕೀರ್ತಿ ಬಾದಾಮಿ ಹಾಲಿಗೆ, ಕೆಲಸ ಮುಚ್ಚಳಿಕೆಯದು.

ನಮ್ಮ ಕಾರ್ಯದರ್ಶಿಗಳಿಗೆ ಠಾಣೆಯ ಮಾದರಿ ಸಣ್ಣದೆನಿಸಿತು. ‘ಇದು ಈ ಕಾಲದ ಅನುಭವ ಮಂಟಪ’ ಎಂದು ಬ್ಯಾನರ್ ಬರೆಸಿದರು. ಇದರಲ್ಲಿ ಅವರೊಬ್ಬರದೇ ತಪ್ಪೇನಿಲ್ಲ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ ಅಂದಾಜು ವೆಚ್ಚ 500 ಕೋಟಿ ರೂಪಾಯಿ; ಶರಣರ ಲೆಕ್ಕದಲ್ಲಿ 770 ಕಂಬಗಳು. ಮನುಷ್ಯರು ಮಾತಾಡದಿದ್ದರೆ ಕಂಬಗಳಾದರೂ ಇರಲಿ ಎಂಬ ದೂರದೃಷ್ಟಿ. 2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಅನುಭವ ಮಂಟಪದ ದೊಡ್ಡ ತೈಲಚಿತ್ರವನ್ನು ಅನಾವರಣ ಮಾಡಿದರು. ಮುಂದಿನ ಮಾರ್ಚಿನಲ್ಲಿ ಬೆಂಗಳೂರಿನ ವಿಧಾನಸಭೆಯಲ್ಲಿ ಕಾಗದ ಹರಿದು ಸಭಾಧ್ಯಕ್ಷರ ಪೀಠದತ್ತ ತೂರಲಾಯಿತು. 18 ಶಾಸಕರು ಆರು ತಿಂಗಳು ಅಮಾನತಾದರು, ಮಾರ್ಷಲ್‌ಗಳು ಹೊತ್ತುಕೊಂಡು ಹೋಗಿ ಹೊರಗೆ ಬಿಟ್ಟರು. ಎರಡು ತಿಂಗಳಲ್ಲಿ ಅಮಾನತೂ ವಾಪಸಾಯಿತು. ಚಿತ್ರ ಬೆಳಗಾವಿಯಲ್ಲಿತ್ತು, ಜಗಳ ಬೆಂಗಳೂರಿನಲ್ಲಿತ್ತು, ಆದ್ದರಿಂದ ಶರಣರಿಗೆ ಮುಜುಗರವಾಗಲಿಲ್ಲ.

ಅಂದಹಾಗೆ ಆ ಮಂಟಪದಲ್ಲಿ ನಡೆದ ಮಾತುಕತೆ ಹೇಗಿತ್ತು? ಶೂನ್ಯಸಂಪಾದನೆ ಓದಿದವರಿಗೆ ಗೊತ್ತು. ಬಂದ ಅಕ್ಕಮಹಾದೇವಿಗೆ ಅಲ್ಲಮ ಹಾರ ಹಾಕಿ ಸ್ವಾಗತಿಸಲಿಲ್ಲ. ನಿನ್ನ ಗಂಡ ಯಾರು, ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡದ್ದೇಕೆ ಎಂದು ಎಲ್ಲರ ಮುಂದೆ ಪಾಟೀಸವಾಲು ಹಾಕಿದ. ಅವಳೂ ಬಿಡಲಿಲ್ಲ. ನಮ್ಮ ನಿರೂಪಕಿ ಅಲ್ಲಿದ್ದಿದ್ದರೆ ಎರಡನೇ ಪ್ರಶ್ನೆಗೇ ಮೈಕು ಕಸಿದು, “ದಯವಿಟ್ಟು ವೈಯಕ್ತಿಕ ವಿಷಯ ಬೇಡ, ಸಮಯದ ಅಭಾವವಿದೆ” ಎಂದು ಅಲ್ಲಮನನ್ನು ಕೂರಿಸುತ್ತಿದ್ದಳು. ಇನ್ನೊಂದು ಸಂಗತಿ ತೈಲಚಿತ್ರದಲ್ಲಿ ಬರುವುದಿಲ್ಲ. ಆ ಮಾತು ಮಾತಾಗಿಯೇ ಉಳಿಯಲಿಲ್ಲ; ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು, ಅಪ್ಪಂದಿರಿಬ್ಬರೂ ಪ್ರಾಣ ತೆತ್ತರು, ಕಲ್ಯಾಣವೇ ಹೊತ್ತಿ ಉರಿಯಿತು. ಇಂಥದ್ದೇನೂ ಆಗದಂತೆ ನೋಡಿಕೊಳ್ಳಲು ನಮ್ಮ ಸಂಘ ಸಂವಾದಕ್ಕೆ ನಿಯಮಗಳನ್ನು ಮಾಡಿತ್ತು.

ಪಕ್ಷದ ಹೆಸರೆತ್ತಬಾರದು, ವ್ಯಕ್ತಿಯ ಹೆಸರೆತ್ತಬಾರದು. ಜಾತಿ ಬೇಡ, ಧರ್ಮ ಬೇಡ, ಹಿಂದೆ ನಡೆದದ್ದು ಬೇಡ, ಮುಂದೆ ಬರುವ ಚುನಾವಣೆಯಂತೂ ಬೇಡವೇ ಬೇಡ. ಮಾತು ಸಕಾರಾತ್ಮಕವಾಗಿರಬೇಕು. ಮಳೆ-ಬೆಳೆಯ ಬಗ್ಗೆಯಾದರೂ ಮಾತಾಡಬಹುದಲ್ಲ ಎಂದು ನಾನು ಕೇಳಿದೆ. ಕಾರ್ಯದರ್ಶಿಗಳು ಗಾಬರಿಯಾದರು. ನಮ್ಮ ರಾಜ್ಯದಲ್ಲಿ ಮಳೆ ಬರುವುದೂ ಹೋಗುವುದೂ ಮುಖ್ಯಮಂತ್ರಿಯ ಕಾಲ್ಗುಣದಿಂದ. 2023ರಲ್ಲಿ 223 ತಾಲ್ಲೂಕು ಬರಪೀಡಿತವಾದಾಗ ಆ ಕಾಲು ಯಾರದು ಎಂದು ಗೊತ್ತಿದ್ದವರು ಮಳೆಯ ಮಾತೆತ್ತುತ್ತಾರೆಯೇ?

ಕೊನೆಗೂ ಆ ಭಾನುವಾರ ಬಂತು. ವೇದಿಕೆಯ ಮೇಲೆ ಎರಡು ಪಕ್ಷದ ಮುಖಂಡರು ಅಕ್ಕಪಕ್ಕ ಕೂತು, ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಏನೋ ಹೇಳಿ ನಗುತ್ತಿದ್ದರು. ಯಾವುದೋ ಲೇಔಟಿನ ಸೈಟಿನ ವ್ಯವಹಾರ ಎಂದು ಮೈಕಿನ ಹುಡುಗ ಆಮೇಲೆ ಹೇಳಿದ. ಕೆಳಗೆ ಕುರ್ಚಿಗಳು ತಾವಾಗಿಯೇ ಎರಡು ಭಾಗವಾಗಿದ್ದವು. ಬಾಂಡೆ ಅಂಗಡಿಯ ಅಣ್ಣ ಆ ತುದಿ, ತಮ್ಮ ಈ ತುದಿ. ಅವ್ವ ನಟ್ಟನಡುವೆ, ಹಾದಿ ಬಿಟ್ಟ ಜಾಗದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ದೀಪ ಹಚ್ಚಿದ್ದಾಯಿತು. ಪ್ರಾಸ್ತಾವಿಕವೇ ಮುಕ್ಕಾಲು ತಾಸು ಹಿಡಿಯಿತು. ಆಮೇಲೆ ಶಾಲುಗಳು ಬಂದವು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಒಬ್ಬೊಬ್ಬರಿಗೂ ಹೊದಿಸಿ, ಫೋಟೋಗ್ರಾಫರ್ ಇನ್ನೊಮ್ಮೆ ಎಂದಾಗ ಇನ್ನೊಮ್ಮೆ ಹೊದಿಸಿ ಮುಗಿಸುವಷ್ಟರಲ್ಲಿ ಗಂಟೆ ಒಂದೂವರೆ. ಎದುರಾಳಿಯನ್ನು ಗೌರವಿಸುವುದಕ್ಕೆ ನಾವು ಕಂಡುಹಿಡಿದ ಈ ವಿಧಾನದ ಮುಂದೆ ಬೇರೆಲ್ಲ ಸಪ್ಪೆ: ಪೇಟ ಕಿವಿಯ ಮೇಲೆ ಬರುತ್ತದೆ, ಹಾರ ಬಾಯಿಯ ತನಕ. ಆ ಸ್ಥಿತಿಯಲ್ಲಿ ಯಾರೂ ಯಾರ ಮಾತನ್ನೂ ಕೇಳುವ ಅಪಾಯವಿಲ್ಲ, ಆಡುವ ಅಪಾಯವೂ ಕಡಿಮೆ.

ಮುಖಂಡರಿಬ್ಬರ ಭಾಷಣವನ್ನು ಪೂರ್ತಿ ಹೇಳುವ ಅಗತ್ಯವಿಲ್ಲ. ಭಿನ್ನಾಭಿಪ್ರಾಯ ಪ್ರಜಾಪ್ರಭುತ್ವದ ಜೀವಾಳ ಎಂದು ಇಬ್ಬರೂ ಒಪ್ಪಿಕೊಂಡರು.

ನಿರೂಪಕಿ ವಂದನಾರ್ಪಣೆಗೆ ಕರೆಯುವುದರಲ್ಲಿದ್ದಳು. ಆಗ ಆ ಅವ್ವ ಎದ್ದು ನಿಂತಳು. “ಒಂದು ಮಾತು ಕೇಳ್ಲೇನ್ರಿ?” ಸಮಯಾವಕಾಶವಿರಲಿಲ್ಲ, ಆದರೆ ವಯಸ್ಸಾದ ಹೆಣ್ಣುಮಗಳು, ಕಾರ್ಯದರ್ಶಿಗಳು ಒಲ್ಲದ ಮನಸ್ಸಿನಿಂದ ಮೈಕು ಕಳಿಸಿದರು. “ನಮ್ಮ ಓಣ್ಯಾಗ ನಳಕ್ಕ ನೀರು ಬಂದು ಎಂಟು ದಿನಾ ಆತ್ರಿ. ಯಾವಾಗ ಬರ್ತಾವು?”

ದಿನದ 24 ತಾಸೂ ನೀರು ಎಂಬ ಯೋಜನೆ ಹುಬ್ಬಳ್ಳಿಯ ಆಯ್ದ ಕೆಲವು ವಾರ್ಡುಗಳಲ್ಲಿ 2008ರಲ್ಲೇ ಶುರುವಾದದ್ದು. ಅಂದಿನಿಂದ ಇಂದಿನವರೆಗೆ ರಾಜ್ಯದಲ್ಲಿ ಮೂರೂ ಪಕ್ಷಗಳು ಆಳಿವೆ. ಹೀಗಾಗಿ ಉತ್ತರ ಕೊಡುವ ಅರ್ಹತೆ ವೇದಿಕೆಯ ಮೇಲಿದ್ದ ಎಲ್ಲರಿಗೂ ಇತ್ತು. ಇಬ್ಬರು ಮುಖಂಡರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾರಗಳನ್ನು ಸರಿಸಿಕೊಂಡು, ಪಕ್ಷಭೇದ ಮರೆತು, ಒಂದೇ ಉಸಿರಿಗೆ ಹೇಳಿದರು: “ಅಮ್ಮಾ, ಇದು ಸೌಹಾರ್ದದ ವೇದಿಕೆ. ಇಲ್ಲಿ ರಾಜಕೀಯ ಬ್ಯಾಡ್ರಿ.” ಸಭೆ ಚಪ್ಪಾಳೆ ತಟ್ಟಿತು, ಎರಡೂ ಬದಿ. ಆ ತುದಿಯಿಂದ ಅಣ್ಣ, ಈ ತುದಿಯಿಂದ ತಮ್ಮ ಒಟ್ಟಿಗೆ ಕೂಗಿದರು: “ಕುಂದರಬೇ ಯವ್ವಾ!” ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದು ಮಾತಿಗೆ ಬಂದದ್ದನ್ನು ಕಂಡು ಕಾರ್ಯದರ್ಶಿಗಳ ಕಣ್ಣಲ್ಲಿ ನೀರಾಡಿತು. ಊರಿಗೆ ಆ ದಿನ ಬಂದದ್ದು ಅಷ್ಟೇ ನೀರು.

ಅವ್ವ ಕೂರಲಿಲ್ಲ. ಇನ್ನೇನು ದಾರಿ, ಉಳಿದಿದ್ದ ಒಂದು ಶಾಲನ್ನು ತಂದು ಅವಳಿಗೂ ಹೊದಿಸಿದರು, ಸೇಬು ಕೊಟ್ಟರು, ಫೋಟೋ ತೆಗೆದರು. ಅವಳು ಶಾಲಿನ ಅಂಚು ಹಿಡಿದು ತಿರುವಿ ನೋಡಿದಳು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು.

“ಶಾಲು ಚಲೋ ಐತ್ರಿ. ಇದನ್ನ ಒಗಿಯಾಕ ನೀರು ಯಾವಾಗ ಬರ್ತಾವು?”