ಹಪ್ಪಳದ ಸಾರಾಂಶ

ಜಯನಗರದ ಕನ್ಸಲ್ಟೆನ್ಸಿಯೊಂದರ ಎಸಿ ಕೋಣೆ. ಅಮೆರಿಕದ ಕಾಲೇಜುಗಳ ‘ಕಾಮನ್ ಆ್ಯಪ್’ ಅರ್ಜಿಗೆಂದು ಹುಡುಗಿ ಬರೆದ ಪ್ರಬಂಧ ಮೇಜಿನ ಮೇಲಿದೆ. ಕನಿಷ್ಠ 250 ಪದ, ಗರಿಷ್ಠ 650. ವಿಷಯ: ಅಜ್ಜಿಯೊಂದಿಗೆ ತಾರಸಿಯಲ್ಲಿ ಹಪ್ಪಳ ಒಣಗಿಸಿದ ಬೇಸಿಗೆ.

“ಸಾರಾಂಶ ಹೇಳಮ್ಮ,” ಎಂದರು ಸಲಹೆಗಾರರು.

“ಅಜ್ಜಿ ಹಪ್ಪಳ ಒತ್ತಿದರು. ನಾನು ಕೋಲು ಹಿಡಿದು ಕಾಗೆ ಓಡಿಸಿದೆ.”

“ಕಾಗೆ ಬೇಡ. ‘ಸಾಂಪ್ರದಾಯಿಕ ಆಹಾರ ಘಟಕದ ಭದ್ರತಾ ಮುಖ್ಯಸ್ಥೆ’ ಅನ್ನೋಣ. ನಾಯಕತ್ವ ಕಾಣಬೇಕು.”

ಅಪ್ಪ ಕುರ್ಚಿ ಮುಂದಕ್ಕೆಳೆದರು. “ಸ್ವಲ್ಪ ಕಷ್ಟ ಸೇರಿಸಬಹುದಾ ಸಾರ್?”

“ಮಳೆ ಬಂತಾ?”

“ನಾಲ್ಕು ಹನಿ.”

“ಸಾಕು, ಹವಾಮಾನ ವೈಪರೀತ್ಯ!”

ಇದೇ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಖಾನೆಗಳಿವೆ. ಒಂದೊಂದರ ವಿವರಣೆಗೆ 150 ಅಕ್ಷರ, ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿ ನೋಡಿಕೊಳ್ಳುವ ಯುಕಾಸ್ ಸ್ವಲ್ಪ ಧಾರಾಳಿ: ಸ್ವಪರಿಚಯದ ಬರಹಕ್ಕೆ 4,000 ಅಕ್ಷರ. ಆದರೆ 2026ರ ಪ್ರವೇಶದಿಂದ ಅದನ್ನೂ ಮೂರು ಪ್ರಶ್ನೆಗಳಿಗೆ ಹಂಚಿದ್ದಾರೆ. ಹದಿನೇಳರ ಬಾಳಿಗೆ ಅಷ್ಟು ಜಾಗ ಹೆಚ್ಚೇ ಆಯಿತು ಅನ್ನುವವರೂ ಉಂಟು.

ಸಲಹೆಗಾರರು ಚಟುವಟಿಕೆಯ ಒಂದು ಖಾನೆ ತುಂಬಿ ಓದಿದರು: “ಹವಾಮಾನ ವೈಪರೀತ್ಯದ ನಡುವೆಯೂ ಸೌರಶಕ್ತಿ ಆಧಾರಿತ ಆಹಾರ ಸಂರಕ್ಷಣಾ ಯೋಜನೆ ಮುನ್ನಡೆಸಿದೆ.”

“ಇದರಲ್ಲಿ ಅಜ್ಜಿ ಎಲ್ಲಿ?”

“ಮಿತಿ ಮೀರಿತಮ್ಮ. ಬೇಕಿದ್ದರೆ ಅವರ ಕೈಲಿ ಒಂದು ಶಿಫಾರಸು ಪತ್ರ ಬರೆಸೋಣ.”